ಹಸ್ತವಿಲ್ಲ

ಒಡೆಯನ ಕೈಯಲ್ಲಿದ್ದರೆ ಮಾತ್ರ ಸಿಡಿಯುವ ಪಿಸ್ತೂಲು ತಯಾರಾಗಿದೆ ಎಂದು ಮಂತ್ರಿಗಳು ದಿಲ್ಲಿಯಲ್ಲಿ ಘೋಷಿಸಿದ ದಿನ ಬೆಳಗಾವಿಯ ಹೊರಗಿನ ಆ ಪರೀಕ್ಷಾಲಯದಲ್ಲಿ ಎಲ್ಲರಿಗೂ ಕುಂದಾ ಹಂಚಿದ್ದರು. ಲೋಹ ವಿಭಾಗದ ನೀಲಾಂಬಿಕಾ ಹಂಜಿ ಕೂಡ ತಿಂದಿದ್ದಳು. ಪಿಸ್ತೂಲಿಗೆ ಪ್ರಹರಿ ಎಂದು ಹೆಸರಿಟ್ಟಿದ್ದರು.

ಸೈನಿಕ ಸತ್ತರೆ ಅವನ ಪಿಸ್ತೂಲು ಶತ್ರುವಿನ ಪಾಲಾಗುತ್ತದೆ. ಮರುಗಳಿಗೆ ಅದು ಅವನ ಜೊತೆಗಾರರ ಮೇಲೆಯೇ ತಿರುಗುತ್ತದೆ. ಇದನ್ನು ತಪ್ಪಿಸಲು ಪ್ರಹರಿಯ ಹಿಡಿಕೆಯಲ್ಲಿ ಬೆರಳಗಲದ ಒಂದು ಗಾಜಿನ ಕಿಂಡಿ ಇಟ್ಟಿದ್ದರು. ಆಸ್ಪತ್ರೆಯಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನಂತೆ ಅದು ಅಂಗೈಯೊಳಕ್ಕೆ ಬೆಳಕು ಬಿಟ್ಟು, ಅಲ್ಲಿ ನೆತ್ತರು ಹರಿಯುವ ಬಗೆಯನ್ನು ನೋಡಿ, ಇದು ಒಡೆಯನ ಕೈ ಹೌದೋ ಅಲ್ಲವೋ, ಆ ಕೈಯಲ್ಲಿ ಜೀವ ಇದೆಯೋ ಇಲ್ಲವೋ ಎಂದು ತೀರ್ಮಾನಿಸುತ್ತಿತ್ತು. ಟ್ರಿಗರಿಗೆ ಬೆರಳು ತಾಗಿದಾಗ ಗುರುತು ಹತ್ತದಿದ್ದರೆ ಒಳಗಿನ ಸಣ್ಣ ಉಕ್ಕಿನ ಮೊಳೆಯೊಂದು ಟ್ರಿಗರಿನ ಪಟ್ಟಿಗೆ ಅಡ್ಡ ಬೀಳುತ್ತಿತ್ತು. ಒಮ್ಮೆ ಬಿದ್ದ ಮೊಳೆ ತಾನಾಗಿ ಏಳುವಂತಿರಲಿಲ್ಲ. ಇನ್ನೊಂದು ಕೈಯಿಂದ ಪಿಸ್ತೂಲಿನ ಮೇಲಿನ ಸ್ಲೈಡನ್ನು ಹಿಂದಕ್ಕೆ ಎಳೆದು ಬಿಡಬೇಕು. ಬೇರೆ ಪಿಸ್ತೂಲುಗಳಲ್ಲಿ ಈ ಎಳೆತ ಮೊದಲ ಗುಂಡಿಗಷ್ಟೇ ಬೇಕು. ಆಮೇಲೆ ಪ್ರತಿ ಗುಂಡಿನ ಒದೆತವೇ ಸ್ಲೈಡನ್ನು ಹಿಂದೆ ತಳ್ಳಿ, ಖಾಲಿ ತೋಟೆಯನ್ನು ಹೊರಗೆಸೆದು, ಮುಂದಿನ ಗುಂಡನ್ನು ಮೇಲೆತ್ತಿಕೊಳ್ಳುತ್ತದೆ.

ವಿನ್ಯಾಸದ ಸಭೆಯಲ್ಲಿ ನೀಲಾಂಬಿಕಾ ಈ ಎರಡನೆಯ ಕೈಯ ಮಾತೆತ್ತಿದ್ದಳು. "ಮೊಳಿ ಬಿದ್ದಾಗ ಆ ಇನ್ನೊಂದು ಕೈ ಖಾಲಿ ಇರದಿದ್ದರ ಹೆಂಗ್ರಿ ಸರ್?" ಎಂದು ಕೇಳಿದ್ದಳು.

ಯೋಜನೆಯ ಮುಖ್ಯಸ್ಥ ಡಾ. ವಸಂತ ಹೆರೇಕರ ನಕ್ಕಿದ್ದರು. "ದೇವ್ರು ಎರಡು ಕೈ ಕೊಟ್ಟಾನಲ್ರಿ ಮೇಡಂ. ಸಿಪಾಯಿನ್ನ ಒಂದ ಕೈ ಕೊಟ್ಟು ಗಡಿಗೆ ಕಳಿಸ್ತಾರೇನು?"

ಸಭೆಯೆಲ್ಲ ನಕ್ಕಿತ್ತು.

ದಾಳಿಯ ದಿನ ಅಡಿವೆಪ್ಪನ ಎಡಗೈ ಖಾಲಿ ಇರಲಿಲ್ಲ. ಅವನು ನೀಲಾಂಬಿಕಾಳ ಗಂಡ, ಸೋದರಮಾವನ ಮಗ, ಸೈನ್ಯದಲ್ಲಿ ಹವಾಲ್ದಾರ. ಹಿಮದ ಗಡಿಯಲ್ಲಿ ಅವನ ಕಾವಲು ತಂಡದ ಮೇಲೆ ದಾಳಿಯಾದಾಗ, ಗುಂಡು ತಗುಲಿ ಬಿದ್ದ ಜೊತೆಗಾರನ ಕೋಟಿನ ಕಾಲರನ್ನು ಎಡಗೈಯಲ್ಲಿ ಹಿಡಿದು ಎಳೆಯುತ್ತ, ಬಲಗೈಯಲ್ಲಿ ಪ್ರಹರಿ ಹಿಡಿದು ಹಿಂದೆ ಸರಿಯುತ್ತಿದ್ದ. ಜೊತೆಗಾರ ಬದುಕಿದ. ಪ್ರಜ್ಞೆ ತಪ್ಪಿದ್ದರಿಂದ ಅವನಿಗೆ ಏನೂ ನೆನಪಿರಲಿಲ್ಲ. ಅಡಿವೆಪ್ಪ ಸತ್ತ. ಆ ಕಾಲರಿನಿಂದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತಂತೆ. ಪಿಸ್ತೂಲು ಪಕ್ಕದಲ್ಲಿ ಹಿಮದ ಮೇಲೆ ಬಿದ್ದಿತ್ತು. ಅದರಲ್ಲಿ ಇನ್ನೂ ಗುಂಡುಗಳಿದ್ದವು.

ಪ್ರಹರಿಗೆ ನೆನಪಿನ ಶಕ್ತಿಯೂ ಇತ್ತು. ಒಡೆಯನ ಕೈ ಯಾವಾಗ ಹಿಡಿಯಿತು, ಗುಂಡು ಯಾವಾಗ ಹಾರಿತು ಎಲ್ಲವನ್ನೂ ಅದು ಬರೆದಿಟ್ಟುಕೊಳ್ಳುತ್ತಿತ್ತು. ಅಡಿವೆಪ್ಪನ ಪಿಸ್ತೂಲು ಎರಡು ಗುಂಡುಗಳನ್ನು ಬರೆದುಕೊಂಡು, ಆಮೇಲೆ ಒಂದೇ ಮಾತು ಬರೆದಿತ್ತು: ಹಸ್ತವಿಲ್ಲ. ಎರಡನೆಯ ಗುಂಡಿನ ತೋಟೆ ಬಿದ್ದ ಜಾಗದಿಂದ ಬಹಳ ದೂರದವರೆಗೂ ಹಿಮದಲ್ಲಿ ಜೊತೆಗಾರನನ್ನು ಎಳೆದ ಗುರುತಿತ್ತು. ಅಂದರೆ ಅವನು ಬದುಕಿದ್ದ, ಪಿಸ್ತೂಲಿನಲ್ಲಿ ಗುಂಡಿತ್ತು, ಅವನು ಹಾರಿಸಲಿಲ್ಲ. ತನಿಖಾ ಸಮಿತಿಯ ಕರಡು ವರದಿ ಹೇಳಿತು: ಗುಂಡುಗಳಿರುವಾಗಲೇ ಹವಾಲ್ದಾರರು ಆಯುಧ ಕೈಬಿಟ್ಟರು.

ಕೈಬಿಟ್ಟರು ಎಂಬ ಆ ಒಂದು ಪದ ವರದಿಗಿಂತ ಮೊದಲೇ ಓಣಿಗೆ ಬಂತು. ಅತ್ತೆ ಸಿದ್ದವ್ವನನ್ನು ಮಾತನಾಡಿಸಲು ಬಂದ ನಿವೃತ್ತ ಸುಬೇದಾರರೊಬ್ಬರು ಕಟ್ಟೆಯ ಮೇಲೆ ಕುಳಿತು ಸಮಾಧಾನ ಹೇಳಿದರು.

"ಅಂಜಿಕಿ ಯಾರಿಗೂ ಬಿಟ್ಟಿದ್ದಲ್ಲ ಬಿಡವ್ವ. ಹುಡುಗ ವಯಸ್ಸು. ಕೈ ಬಿಟ್ಟಾನ, ಆತು."

"ಚಾ ಕುಡದ್ಯೇನು?" ಎಂದಳು ಸಿದ್ದವ್ವ.

"ಕುಡದ್ನಿ."

"ಹಂಗಾರ ಎದ್ದು ನಡಿ. ನನ್ನ ಮಗ ಅಂಜಾಂವಲ್ಲ. ಇನ್ನೊಮ್ಮಿ ಈ ಕಟ್ಟಿ ಹತ್ತಬ್ಯಾಡ."

ನೀಲಾಂಬಿಕಾ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಅವಳಿಗೆ ಏನೂ ಅನಿಸಲಿಲ್ಲ. ಆ ದಿನಗಳಲ್ಲಿ ಹಾಲು ಉಕ್ಕಿ ಕೈಮೇಲೆ ಸುರಿದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಬೊಕ್ಕೆ ಎದ್ದ ಮೇಲೆ ಅತ್ತೆಯೇ ನೋಡಿ ತುಪ್ಪ ಸವರುತ್ತಿದ್ದಳು.

ಹದಿಮೂರನೆಯ ದಿನದ ಕಾರ್ಯ ಮುಗಿಸಿ ಅವಳು ಕೆಲಸಕ್ಕೆ ಹೋದಳು. ಮನೆಯಲ್ಲಿ ಕುಳಿತರೆ ಕುಳಿತೇ ಇರುತ್ತೇನೆ ಎಂಬ ಭಯವಿತ್ತು. ಬೆಳಿಗ್ಗೆ ಪರೀಕ್ಷಾ ಪಿಸ್ತೂಲಿನಿಂದ ಸುರಂಗದಲ್ಲಿ ಕೆಲವು ಗುಂಡು ಹಾರಿಸಿ, ಬಿಚ್ಚಿ, ಬಿಡಿಭಾಗಗಳಲ್ಲಿ ಬಿರುಕು ಹುಡುಕುವುದು ಅವಳ ವಿಭಾಗದ ದಿನಚರಿ. ಅದಕ್ಕಾಗಿ ಯೋಜನೆಯ ಎಲ್ಲರ ಕೈಗಳನ್ನೂ ಆ ಪಿಸ್ತೂಲಿಗೆ ಕಲಿಸಿಟ್ಟಿದ್ದರು. ಅವಳು ಹಿಡಿದು ಒತ್ತಿದಳು. ಟಕ್ ಎಂದಿತು, ಅಷ್ಟೇ. ಸ್ಲೈಡ್ ಎಳೆದು ಮತ್ತೆ ಒತ್ತಿದಳು. ಟಕ್.

ಗಾಜಿನಾಚೆ ಪರದೆ ನೋಡುತ್ತ ಕುಳಿತಿದ್ದ ಜುಬೇದಾ ನದಾಫ ಕಿವಿಯ ಮೇಲಿನ ಮುಚ್ಚಳ ತೆಗೆದಳು. ಸೈನಿಕರ ಕೈಗಳನ್ನು ಪಿಸ್ತೂಲುಗಳಿಗೆ ಕಲಿಸುವ ವಿಭಾಗ ಅವಳದು.

"ಹಸ್ತವಿಲ್ಲ ಅಂತ ತೋರಸಾಕತ್ತೈತ್ರಿ ಅಕ್ಕಾರ. ಸರಿಯಾಗಿ ಹಿಡೀರಿ."

"ಸರಿಯಾಗೇ ಹಿಡದೇನಿ."

ಜುಬೇದಾ ಒಳಗೆ ಬಂದು ಅವಳ ಅಂಗೈ ಮುಟ್ಟಿ ನೋಡಿ ಕೈ ಹಿಂದೆ ತೆಗೆದಳು. "ಯಾ ಅಲ್ಲಾ, ಬರ್ಫ್ ಆಗ್ಯಾವಲ್ರಿ ಕೈ. ಊಟಾ ಮಾಡೀರೋ ಇಲ್ಲೋ? ತಡೀರಿ, ಚಾ ತರ್ತೀನಿ. ಗ್ಲಾಸು ಗಟ್ಟಿ ಹಿಡಕೊಂಡು ಕುಂದರ್ರಿ, ಓದತೈತಿ."

"ಯಾಕ ಓದತೈತಿ?"

"ಎಲ್ಲಾರಿಗೂ ಹಂಗ ಮಾಡತೇವಲ್ರಿ." ನೀಲಾಂಬಿಕಾಳಿಗೆ ಇದು ತಿಳಿದೇ ಇಲ್ಲವೇ ಎಂದು ಜುಬೇದಾಳಿಗೆ ಆಶ್ಚರ್ಯ. "ಸುರುವಾತಿಗೆ ಮುಂಜಾನಿ ಬಂದ ಸಿಪಾಯಿಗೋಳ ಕೈ ಓದತಿರ್ಲಿಲ್ಲ. ಇದೊಂದು ರಗಳಿ ಆಗಿತ್ತು. ಹೆರೇಕರ ಸರ್ ಹೇಳಿದ್ರು, ಮೊದ್ಲ ಬಿಸಿ ಚಾ ಕೊಡ್ರಿ, ಎರಡೂ ಕೈಲೆ ಗ್ಲಾಸು ಹಿಡೀಲಿ, ಆಮ್ಯಾಲೆ ತಗೋರಿ ಅಂತ. ಅವತ್ತಿಂದ ಒಂದೂ ತಪ್ಪಿಲ್ಲ. ನಮ್ಮ ಚಾದ ಕೈಗುಣ ಅಂತ ಸರ್ ಚಾಷ್ಟಿ ಮಾಡತಿದ್ರು."

"ಥಂಡಿ ಕೋಣಿ ಪರೀಕ್ಷಾಕ್ಕೂ?"

"ಅದಕ್ಕೂ ಹಂಗ. ಪಿಸ್ತೂಲು ರಾತ್ರಿಯೆಲ್ಲ ಬರ್ಫಿನಾಗ ಇರತಿತ್ತು. ಒತ್ತಾಂವ ಹೊರಗ ಚಾ ಕುಡದು ಒಳಗ ಬರತಿದ್ದ."

ನೀಲಾಂಬಿಕಾ ಪಿಸ್ತೂಲನ್ನು ಮೇಜಿನ ಮೇಲಿಟ್ಟಳು. ಇಟ್ಟ ಮೇಲೆ ಕುರ್ಚಿಯಲ್ಲಿ ಕುಳಿತಳು. ಪಿಸ್ತೂಲನ್ನು ಚಳಿಗೆ ಒಡ್ಡಿ ನೋಡಿದ್ದರು. ಕೈಯನ್ನು ಒಡ್ಡಿರಲಿಲ್ಲ. ಹಿಮದಲ್ಲಿ ನಿಂತ ಸೈನಿಕನಿಗೆ ಚಹಾ ಯಾರು ಕೊಡುತ್ತಾರೆ? ಕಿಂಡಿಗೆ ಚರ್ಮ ತಾಗಬೇಕೆಂದು ಅವರ ಕೈಗವಸುಗಳ ಅಂಗೈಯನ್ನು ಕತ್ತರಿಸಿ ಕಳಿಸಿದ್ದರು. ಅಡಿವೆಪ್ಪ ಫೋನಿನಲ್ಲಿ ಹೇಳಿ ನಕ್ಕಿದ್ದ: "ನಿಮ್ಮ ಪಿಸ್ತೂಲು ಹೆಂಡ್ತಿ ಇದ್ದಂಗ ಐತಿ ಬಿಡು. ಬರಿಗೈಲೆ ಹಿಡೀಬೇಕಂತ."

ಚಳಿಗೂ ಭಯಕ್ಕೂ ನೆತ್ತರು ಕೈಬಿಟ್ಟು ಎದೆಗೆ ಓಡುತ್ತದೆ. ಶೋಕಕ್ಕೂ ಇರಬೇಕು. ಜೀವ ಉಳಿಸಿಕೊಳ್ಳಲು ಜೀವ ಮಾಡುವ ಉಪಾಯ ಅದು. ಪ್ರಹರಿ ಅದನ್ನೇ ಸಾವೆಂದು ಓದುತ್ತಿತ್ತು. ಪಿಸ್ತೂಲು ಬೇಕೇ ಬೇಕಾಗುವ ಗಳಿಗೆಯಲ್ಲಿ, ಅದನ್ನು ಹಿಡಿದವನು ಸತ್ತಿದ್ದಾನೆ ಎಂದು ತೀರ್ಮಾನಿಸಿ ಬಾಗಿಲು ಹಾಕಿಕೊಳ್ಳುತ್ತಿತ್ತು. ಸತ್ತ ಕೈ, ಬಿಟ್ಟುಹೋದ ಕೈ, ಹೆದರಿದ ಕೈ, ಮೂರಕ್ಕೂ ಅದು ಕಲಿತದ್ದು ಒಂದೇ ಮಾತು.

ಇಷ್ಟು ದಿನ ಸುಮ್ಮನಿದ್ದ ಮೈಯೊಳಗೆ ಏನೋ ಎದ್ದಿತು. ಅದು ಅಳುವಲ್ಲ.

ಸಾವಿನ ಪ್ರಕರಣದ ಆಯುಧವನ್ನು ಲೋಹ ವಿಭಾಗ ಬಿಚ್ಚಿ ನೋಡಬೇಕೆಂಬುದು ನಿಯಮ. ಹೆರೇಕರರು ಅಡಿವೆಪ್ಪನ ಪಿಸ್ತೂಲನ್ನು ಮುದ್ರೆ ಹಾಕಿದ ಪೆಟ್ಟಿಗೆಯಲ್ಲೇ ಕಳಿಸಿ, ತೆರೆಯುವುದು ಬೇಡ, ಸಹಿ ಸಾಕು ಎಂದಿದ್ದರು. ಅವಳು ತೆರೆದಳು. ಸ್ಲೈಡ್, ನಳಿಗೆ, ಸ್ಪ್ರಿಂಗು ಎಲ್ಲ ಸರಿ ಇದ್ದವು. ಕಿಂಡಿಯ ತಂತಿಗಳಿಗೆ ಜಾಗ ಮಾಡಲು ತೆಳ್ಳಗೆ ಮಾಡಿದ್ದ ಟ್ರಿಗರಿನ ಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಮೊಳೆ ಅಡ್ಡ ಬಿದ್ದಾಗ ಟ್ರಿಗರ್ ಒತ್ತಿದರೆ ಪಟ್ಟಿ ಆ ಮೊಳೆಯ ಅಂಚಿಗೆ ಹೋಗಿ ಗುದ್ದುತ್ತದೆ, ಗುದ್ದಿದಲ್ಲಿ ಕೂದಲೆಳೆಯಷ್ಟು ಗೀರು ಬೀಳುತ್ತದೆ. ಪಿಸ್ತೂಲಿನ ನೆನಪಿನಲ್ಲಿ ಇದಕ್ಕೆ ಜಾಗವಿರಲಿಲ್ಲ. ಉಕ್ಕಿನಲ್ಲಿತ್ತು.

ಗೀರುಗಳಿದ್ದವು. ಒಂದರ ಮೇಲೊಂದು, ಒಂದರ ಪಕ್ಕ ಒಂದು, ಕೊನೆಕೊನೆಗೆ ಆಳವಾಗುತ್ತ. ಅವಳು ಎಣಿಸಲು ಹೊರಟು ನಿಲ್ಲಿಸಿದಳು. ಅಂಚು ನುಗ್ಗಾಗಿಹೋಗಿತ್ತು. ಆಯುಧ ಕೈಬಿಟ್ಟವನು ಹೀಗೆ ಒತ್ತುವುದಿಲ್ಲ.

ಹೆರೇಕರರು ಅವಳು ತೆಗೆದ ಗೀರುಗಳ ಚಿತ್ರಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಕೋಣೆಯ ಬಾಗಿಲು ಮುಂದೆ ಮಾಡಿದರು.

"ನೀವು ಹೇಳೂದು ಖರೆ ಅಂತನ ಇಟ್ಕೊಳ್ರಿ. ಚಳಿಯಿಂದ ಮೊಳೆ ಬಿತ್ತು ಅಂದ್ರ ಸಮಿತಿ ಒಪ್ಪೂದಿಲ್ಲ. ಮೊದಲಿನ ಎರಡು ಗುಂಡು ಅದ ಚಳಿಯೊಳಗ ಹಾರ್ಯಾವ. ಮತ್ತೇನು ಉಳೀತು? ನಿಮ್ಮ ಯಜಮಾನರು ಅಂಜಿ ಕೈ ತಣ್ಣಗಾತು ಅಂತ ನೀವ ಎದ್ದು ನಿಂತು ಹೇಳಬೇಕಾಗ್ತದ. ಒಬ್ಬ ಹವಾಲ್ದಾರನ ಹೆಂಡ್ತಿ. ನಿಮ್ಮ ಅತ್ತೆಯವ್ರು ಹೆಂಗ ತಡಕೊಂಡಾರು?"

ಅವಳು ಮೇಜಿನ ಮೇಲಿನ ಚಿತ್ರಗಳನ್ನು ಒಟ್ಟುಮಾಡಿಕೊಂಡಳು.

"ನಾ ಸಮಿತಿಯ ಬ್ರಿಗೇಡಿಯರ್ ಸಾಹೇಬ್ರ ಜೋಡಿ ಮಾತಾಡ್ತೀನಿ. ಕೈಬಿಟ್ಟರು ಅನ್ನೂದು ತಗದು, ಕೈ ಜಾರಿತು ಅಂತ ಹಾಕಸ್ತೀನಿ. ಮರ್ಯಾದಿ ಉಳೀತದ. ಪ್ರಹರೀನೂ ಉಳೀತದ. ಎಷ್ಟು ಮಂದಿ ದುಡದಾರ ಅದಕ್ಕ, ನಿಮಗ ಗೊತ್ತೈತಿ."

"ಗಡಿಯೊಳಗ ಇರೋ ಬ್ಯಾರೆ ಪಿಸ್ತೂಲು?"

"ಮುಂದಿನ ಆವೃತ್ತಿಯೊಳಗ ಸುಧಾರಿಸೋಣು."

ಅವಳು ಎದ್ದು ಬಾಗಿಲು ಪೂರಾ ತೆರೆದಳು. "ಈ ಬಾಗ್ಲಾ ಹಾಕಿ ನನ್ನ ಜೋಡಿ ಇನ್ನೊಮ್ಮಿ ಮಾತಾಡಬ್ಯಾಡ್ರಿ ಸರ್," ಎಂದಳು. ಅವಳಿಗೆ ತನ್ನ ದನಿಯೇ ಹೊಸದಾಗಿ ಕೇಳಿಸಿತು.

ಆ ಸಂಜೆ ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಎದುರು ಕುಳಿತು ಕೇಳಿದಳು. "ಅತ್ತಿ, ಅಂವ ಆಯುಧ ಕೈಬಿಟ್ಟಿಲ್ಲ ಅಂತ ತೋರಸಬೇಕಂದ್ರ, ಅಂವ ಅಂಜಿದ್ದ ಅಂತ ನಾ ಹೇಳಬೇಕಾಗತೈತಿ."

ಸಿದ್ದವ್ವನ ಕೈ ರೊಟ್ಟಿಯ ಮೇಲೆ ನಿಂತಿತು. "ಹಂಗ ಹೇಳಿದ ದಿನ ಈ ಮನಿಗಿ ಬರಬ್ಯಾಡ," ಎಂದು ಮತ್ತೆ ಬಡಿಯತೊಡಗಿದಳು. ಹೆಂಚಿನ ಮೇಲಿದ್ದ ರೊಟ್ಟಿ ಸೀದ ವಾಸನೆ ಬಂದರೂ ತಿರುಗಿಸಲಿಲ್ಲ.

ಅವಳು ಗೀರುಗಳ ವಿಷಯ ಬರೆದು ಕಳಿಸಿದ ಮೇಲೆ ತನಿಖಾ ಸಮಿತಿ ಪರೀಕ್ಷಾಲಯಕ್ಕೇ ಬಂತು. ಬ್ರಿಗೇಡಿಯರ್ ಸೋಂಧಿ, ಸೈನ್ಯದ ವೈದ್ಯೆ ಒಬ್ಬರು, ಇಬ್ಬರು ಅಧಿಕಾರಿಗಳು. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ನೀಲಾಂಬಿಕಾ ಗೀರುಗಳ ಚಿತ್ರವನ್ನು ಗೋಡೆಯಷ್ಟು ದೊಡ್ಡದು ಮಾಡಿ ತೋರಿಸಿದಳು.

"ಕಾರ್ಖಾನೆಯಲ್ಲಿ ಮೊಳೆ ಪರೀಕ್ಷಿಸುವಾಗಲೂ ಇಂಥ ಗೀರು ಬೀಳುತ್ತವೆ," ಎಂದರು ಹೆರೇಕರ.

"ಬೀಳುತ್ತವೆ. ಎಡಗಡೆಯ ಮಂಕಾದವು ಅವೇ. ಅವುಗಳ ಮೇಲೆ ಎಣ್ಣೆ ಒಣಗಿ ಕಂದಿದೆ. ಬಲಗಡೆಯವು ಹೊಸ ಉಕ್ಕಿನಂತೆ ಹೊಳೆಯುತ್ತಿವೆ."

ಬ್ರಿಗೇಡಿಯರ್ ಕನ್ನಡಕ ತೆಗೆದರು. "ಎರಡು ಗುಂಡು ಹಾರಿದವು. ಅದೇ ಚಳಿ, ಅದೇ ಕೈ. ಆಮೇಲೆ ಏನು ಬದಲಾಯಿತು, ಮಿಸೆಸ್ ಹಂಜಿ?"

ಹೆರೇಕರರು ಅವಳತ್ತ ನೋಡುತ್ತಿದ್ದರು.

"ಜೊತೆಗಾರನಿಗೆ ಗುಂಡು ತಗುಲಿತು. ನನ್ನ ಗಂಡ ಅಂಜಿದರು," ಎಂದಳು. "ಚಳಿ ಅರ್ಧ ನೆತ್ತರನ್ನು ಕೈಯಿಂದ ತೆಗೆದಿತ್ತು, ಭಯ ಉಳಿದದ್ದನ್ನು ತೆಗೆಯಿತು. ಅವರು ಅಂಜಿದರು, ಮತ್ತೆ ಒತ್ತಿದರು. ಸ್ಲೈಡ್ ಎಳೆಯಲು ಎಡಗೈ ಬೇಕಿತ್ತು. ಎಡಗೈಯಲ್ಲಿ ಒಬ್ಬ ಮನುಷ್ಯನಿದ್ದ. ಆ ಮನುಷ್ಯನನ್ನು ಬಿಟ್ಟಿದ್ದರೆ ಪಿಸ್ತೂಲು ಸರಿಹೋಗುತ್ತಿತ್ತು. ಅವರು ಬಿಡಲಿಲ್ಲ. ಕೈಬಿಟ್ಟರು ಎಂದು ಬರೆದಿದ್ದೀರಿ."

ವೈದ್ಯೆ ತಲೆಯಾಡಿಸಿ, ಭಯದಲ್ಲಿ ಅಂಗೈ ಬಿಳಿಚುವುದು ನಿಜ ಎಂದರು. ಆದರೆ ಬೆಚ್ಚಗಿನ ಜಾಗದಲ್ಲಿ, ಜೀವಂತ ಕೈಯಲ್ಲಿ ಪ್ರಹರಿ ಹೀಗೆ ಮುಚ್ಚಿಕೊಳ್ಳುವುದನ್ನು ತಾವು ಕಣ್ಣಾರೆ ನೋಡಬೇಕು ಎಂದರು ಬ್ರಿಗೇಡಿಯರ್.

ಎಲ್ಲರೂ ಸುರಂಗಕ್ಕೆ ಇಳಿದರು. ಕೆಲಸಕ್ಕೆ ಮರಳಿದ ದಿನದಿಂದ ಪ್ರತಿ ಬೆಳಿಗ್ಗೆ ಆ ಪರೀಕ್ಷಾ ಪಿಸ್ತೂಲು ಅವಳ ಕೈಯನ್ನು ಗುರುತಿಸಲು ಒಲ್ಲೆನೆಂದಿತ್ತು. ಆ ನಂಬಿಕೆಯ ಮೇಲೆಯೇ ಅವಳು ಅದನ್ನು ಎತ್ತಿಕೊಂಡು, ಸ್ಲೈಡ್ ಎಳೆದು, ಗುರಿಯತ್ತ ಹಿಡಿದು ಒತ್ತಿದಳು.

ಗುಂಡು ಹಾರಿತು.

ಸುರಂಗದ ಸದ್ದು ಇಳಿದ ಮೇಲೆ ಹೆರೇಕರರ ದನಿ ಕೇಳಿಸಿತು. "ಪ್ರಹರಿ ಸರಿಯಾಗಿಯೇ ಇದೆ. ಮೇಡಂ ದುಃಖದಲ್ಲಿದ್ದಾರೆ, ನಾವು ಅರ್ಥ ಮಾಡಿಕೊಳ್ಳಬೇಕು." ಅಧಿಕಾರಿಯೊಬ್ಬ ಮೇಲಕ್ಕೆ ಹೋಗುವ ಮೆಟ್ಟಿಲಿನತ್ತ ತಿರುಗಿದ.

ನೀಲಾಂಬಿಕಾ ಪಿಸ್ತೂಲು ಕೆಳಗಿಟ್ಟು ಅಂಗೈ ನೋಡಿಕೊಂಡಳು. ಕೆಂಪಗಾಗಿತ್ತು. ಕಿವಿಯವರೆಗೂ ನೆತ್ತರು ಬಡಿಯುತ್ತಿತ್ತು. ಅವಳಿಗೆ ಅರ್ಥವಾಯಿತು.

"ಸರ್, ಇದು ದುಃಖ ಅಲ್ಲ," ಎಂದಳು. "ನನಗೆ ಸಿಟ್ಟು ಬಂದಿದೆ. ಸಿಟ್ಟಿಗೆ ನೆತ್ತರು ಕೈಗೆ ನುಗ್ಗುತ್ತದೆ. ಸಿಟ್ಟಿದ್ದವರಿಗೆ ಈ ಪಿಸ್ತೂಲು ಚೆನ್ನಾಗಿ ಕೆಲಸ ಮಾಡುತ್ತದೆ. ಅಂಜಿದವರು ಹಿಡಿದರೆ ಏನಾಗುತ್ತದೆ ಅಂತ ತಾನೇ ನೋಡಬೇಕು?" ಅವಳು ಪಕ್ಕಕ್ಕೆ ಸರಿದು ನಿಂತಳು. ಆಮೇಲೆ ಕನ್ನಡದಲ್ಲಿ ಹೇಳಿದಳು. "ಹೆರೇಕರ ಸರ್, ನೀವು ಹಿಡೀರಿ."

"ನಾನ್ಯಾಕ?"

"ನಿಮ್ಮ ಕೈ ಅದಕ್ಕ ಗೊತ್ತೈತಿ."

ಹೆರೇಕರರು ಬ್ರಿಗೇಡಿಯರರನ್ನು ನೋಡಿದರು. ಬ್ರಿಗೇಡಿಯರ್ ಪಿಸ್ತೂಲಿನತ್ತ ಕೈ ತೋರಿಸಿದರು. ಹೆರೇಕರರು ಕರ್ಚೀಫು ತೆಗೆದು ಅಂಗೈ ಒರೆಸಿಕೊಂಡರು. ಇನ್ನೊಮ್ಮೆ ಒರೆಸಿಕೊಂಡರು. ಪಿಸ್ತೂಲು ಎತ್ತಿ ಗುರಿಯತ್ತ ಹಿಡಿದು ಒತ್ತಿದರು.

ಟಕ್.

ಎಡಗೈಯಿಂದ ಸ್ಲೈಡ್ ಎಳೆಯಲು ಹೋದಾಗ ಬ್ರಿಗೇಡಿಯರ್ ತಡೆದರು. "ಎಡಗೈ ಬೇಡ. ಹಾಗೆಯೇ ಒತ್ತಿ."

ಟಕ್. ಟಕ್. ಅವರ ಮೇಲ್ದುಟಿಯಲ್ಲಿ ಬೆವರು ಮೂಡಿತು. ಐದೂ ಬೆರಳು ಬಿಳಿಚಿಕೊಂಡು ಹಿಡಿಕೆಯನ್ನು ಕಚ್ಚಿ ಹಿಡಿದಿದ್ದವು. ಎಲ್ಲರೂ ಆ ಕೈಯನ್ನೇ ನೋಡುತ್ತಿದ್ದರು.

"ಪರದೆಯಲ್ಲಿ ಏನಿದೆ?" ಎಂದು ಕೇಳಿದರು ಬ್ರಿಗೇಡಿಯರ್.

ಗಾಜಿನಾಚೆಯಿಂದ ಜುಬೇದಾಳ ದನಿ ಬಂತು. "ಹಸ್ತವಿಲ್ಲ, ಸರ್."

ವರದಿಯಿಂದ ಕೈಬಿಟ್ಟರು ಎಂಬ ಪದ ಹೋಯಿತು. ಆಯುಧ ಕೆಲಸ ಮಾಡಲಿಲ್ಲ, ಹವಾಲ್ದಾರರು ಕೊನೆಯವರೆಗೂ ಪ್ರಯತ್ನಿಸಿದರು, ಗಾಯಾಳುವನ್ನು ಬಿಡಲಿಲ್ಲ ಎಂದು ಬ್ರಿಗೇಡಿಯರ್ ತಾವೇ ಬರೆಸಿದರು. ಹೋಗುವಾಗ ಅವಳೆದುರು ನಿಂತು, ಗಡಿಯಲ್ಲಿರುವ ಪ್ರಹರಿಗಳನ್ನು ಹಿಂದಕ್ಕೆ ತರಿಸುತ್ತೇವೆ ಎಂದರು.

"ಯಾವಾಗ ಸರ್?"

"ಹಿಮ ಕರಗಿ ದಾರಿ ತೆರೆದ ಮೇಲೆ."

"ಅಲ್ಲಿಯವರೆಗೆ?"

ಅವರು ಟೋಪಿ ಹಾಕಿಕೊಂಡರು. ಪ್ರಹರಿಯನ್ನು ಸುಧಾರಿಸಲು ಹೊಸ ಸಮಿತಿ ಮಾಡಿದರು. ಅದರ ವಿನ್ಯಾಸ ಬಲ್ಲವರು ಬೇರೆ ಯಾರೂ ಇಲ್ಲದ್ದರಿಂದ ಹೆರೇಕರರನ್ನೇ ಮುಖ್ಯಸ್ಥರನ್ನಾಗಿ ಇಟ್ಟರು. ನೀಲಾಂಬಿಕಾಳ ಸಿಟ್ಟು ಇಳಿಯಲಿಲ್ಲ. ಇಳಿಯುವುದು ಅವಳಿಗೂ ಬೇಕಿರಲಿಲ್ಲ. ಇನ್ನೆಷ್ಟು ಮಂದಿ ಈಗ ಅಂಗೈ ಕತ್ತರಿಸಿದ ಕೈಗವಸು ಹಾಕಿಕೊಂಡು ಹಿಮದಲ್ಲಿ ನಿಂತಿದ್ದಾರೋ ಎಂದು ಬಸ್ಸಿನಲ್ಲಿ ಕುಳಿತಷ್ಟು ಹೊತ್ತೂ ಯೋಚಿಸಿದಳು.

ಮನೆಯ ಕಟ್ಟೆಯ ಮೇಲೆ ಸಿದ್ದವ್ವ ಕುಳಿತಿದ್ದಳು. ನೀಲಾಂಬಿಕಾ ಕಟ್ಟೆ ಹತ್ತದೆ ಕೆಳಗೇ ನಿಂತಳು.

"ಹೇಳಿದ್ಯಾ?"

"ಹೇಳಿದ್ನಿ ಅತ್ತಿ."

"ಏನಂತ?"

"ಅಂಜಿದ್ದ ಅಂತ. ಅಂಜಿ ಕೈ ತಣ್ಣಗಾಗಿತ್ತು ಅಂತ. ಆದ್ರೂ ಒತ್ತಿಕೋತನ ಇದ್ದ, ಬಿದ್ದಾಂವನ್ನ ಬಿಡ್ಲಿಲ್ಲ ಅಂತ."

ಓಣಿಯಲ್ಲಿ ಹಾಲಿನವನ ಸೈಕಲ್ಲು ಹಾದುಹೋಯಿತು. ಸಿದ್ದವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

"ನಾಯಿ ಕಂಡ್ರ ಅಂಜತಿದ್ದ," ಎಂದಳು. "ಇಷ್ಟ ಇದ್ದ, ನನ್ನ ಮೊಣಕಾಲಮಟ. ಹೊಲದ ದಾರ್ಯಾಗ ಕುರುಬರ ನಾಯಿ ಬೊಗಳಿಕೋತ ಬರತಿದ್ವು. ಗಡಗಡ ನಡಗತಿದ್ದ. ನಡಗಿಕೋತನ ಬಂದು ನನ್ನ ಮುಂದ ನಿಲ್ತಿದ್ದ." ಪಕ್ಕಕ್ಕೆ ಸರಿದು ಕಟ್ಟೆಯ ಮೇಲೆ ಜಾಗ ಮಾಡಿದಳು. "ಹಿಂದ ನಿಲ್ತಿರ್ಲಿಲ್ಲ."